ಬರೀ ವಿಟಮಿನ್‌ನಿಂದ ಫಿಟ್ಸ್ ನಿಲ್ಲುತ್ತಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನರ ಮತ್ತು ವಿಟಮಿನ್ ಬಗ್ಗೆ ಕೇಳಿದವೇ ಜಾಸ್ತಿ. ಕೇಳಿದವರ ಕಷ್ಟ ಬೇರೆ ಬೇರೆ, ಆದರೆ ಉತ್ತರ ಹುಡುಕಿಕೊಂಡು ಹೋದರೆ ಎಲ್ಲವೂ ಒಂದೇ ಜಾಗಕ್ಕೆ ಬರುತ್ತವೆ. ನಾವು ನುಂಗಿದ ವಿಟಮಿನ್ ಹಾಗೆಯೇ ಮೆದುಳಿನ ಕೆಲಸಕ್ಕೆ ಬರುವುದಿಲ್ಲ. ದೇಹ ಅದನ್ನು ಬೇರೆ ರೂಪಕ್ಕೆ ತಿರುಗಿಸಿಕೊಳ್ಳಬೇಕು, ಅದೂ ಅಳತೆ ಮೀರದ ಹಾಗೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಈಗ ಏಳು ತಿಂಗಳು. ಹುಟ್ಟಿದ ಎರಡನೇ ದಿನವೇ ಫಿಟ್ಸ್ ಶುರುವಾಯಿತು. ಏನೇನೋ ಔಷಧಿ ಕೊಟ್ಟರೂ ನಿಲ್ಲಲಿಲ್ಲ. ಕೊನೆಗೆ ಬಿ6 ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಜೀವನಪೂರ್ತಿ ಬಿ6 ಕೊಡಬೇಕು ಅಂದಿದ್ದಾರೆ. ಬಸುರಿಯಲ್ಲಿ ನಾನು ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ನಾನು ಮದುವೆಯಾಗಿದ್ದು ಸೋದರಮಾವನನ್ನು. ನಿಜವಾದ ಕಾರಣ ಏನು?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ ತಾಯಿ. ಇದಕ್ಕೂ ನೀವು ಬಸುರಿಯಲ್ಲಿ ಉಂಡದ್ದಕ್ಕೂ ಸಂಬಂಧ ಇಲ್ಲ. ದಿನಾ ಬಾಳೆಹಣ್ಣು, ಕಡಲೆ, ಮೀನು ತಿಂದಿದ್ದರೂ ಹೀಗೇ ಆಗುತ್ತಿತ್ತು. ಈ ಸಾಲನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ಈಗ ಕಾರಣಕ್ಕೆ ಬರೋಣ. ಊಟದಲ್ಲಿ ಬಿ6 ಬೇರೆ ಬೇರೆ ರೂಪಗಳಲ್ಲಿ ಇರುತ್ತದೆ. ಅವು ಯಾವುವೂ ನೇರವಾಗಿ ಕೆಲಸ ಮಾಡುವುದಿಲ್ಲ. ಜೀವಕೋಶದ ಒಳಗೆ ಪಿರಿಡಾಕ್ಸಲ್ ಕೈನೇಸ್ ಅನ್ನುವ ಕಿಣ್ವ ಅದಕ್ಕೆ ಒಂದು ಫಾಸ್ಫೇಟ್ ಸೇರಿಸುತ್ತದೆ. ಆಮೇಲೆ ಪಿಎನ್‌ಪಿಒ ಅನ್ನುವ ಇನ್ನೊಂದು ಕಿಣ್ವ ಅದನ್ನು ಕೊನೆಯ ರೂಪಕ್ಕೆ ತರುತ್ತದೆ. ಆ ಕೊನೆಯ ರೂಪದ ಹೆಸರು ಪಿರಿಡಾಕ್ಸಲ್ ಫಾಸ್ಫೇಟ್, ಚಿಕ್ಕದಾಗಿ ಪಿಎಲ್‌ಪಿ. ಇಂಥದ್ದನ್ನೇ ಕೋಫ್ಯಾಕ್ಟರ್ ಅನ್ನುತ್ತಾರೆ. ಕಿಣ್ವದ ಜೊತೆ ಅದು ಕೂತುಕೊಂಡರೆ ಮಾತ್ರ ಕಿಣ್ವ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಕಿಣ್ವ ಇದ್ದೂ ಇಲ್ಲದಂತೆ. ಜೀವಿಗಳಲ್ಲಿ 140ಕ್ಕೂ ಹೆಚ್ಚು ಬಗೆಯ ಕಿಣ್ವ ಕ್ರಿಯೆಗಳು ಪಿಎಲ್‌ಪಿಯನ್ನು ನಂಬಿಕೊಂಡಿವೆ ಅಂದರೆ ಇದು ಎಷ್ಟು ಮುಖ್ಯ ನೋಡಿ.

ಮೆದುಳಿನಲ್ಲಿ ಅದಕ್ಕೆ ಇನ್ನೂ ದೊಡ್ಡ ಕೆಲಸ ಇದೆ. ಗ್ಲುಟಮೇಟ್ ಅನ್ನುವ ರಾಸಾಯನಿಕ ನರಕೋಶಗಳನ್ನು ಉದ್ರೇಕಿಸುತ್ತದೆ. ಗಾಬಾ ಅನ್ನುವುದು ಅವನ್ನು ಶಾಂತ ಮಾಡುತ್ತದೆ. ವಿಶೇಷ ಏನೆಂದರೆ ಗಾಬಾ ತಯಾರಾಗುವುದೇ ಗ್ಲುಟಮೇಟ್‌ನಿಂದ, ಮತ್ತು ಆ ಬದಲಾವಣೆ ಮಾಡುವ ಕಿಣ್ವಕ್ಕೆ ಪಿಎಲ್‌ಪಿ ಬೇಕೇ ಬೇಕು. ಪಿಎಲ್‌ಪಿ ಇಲ್ಲದಿದ್ದರೆ ಶಾಂತ ಮಾಡುವುದು ಕಡಿಮೆಯಾಗುತ್ತದೆ, ಉದ್ರೇಕಿಸುವುದು ಹಾಗೇ ಉಳಿಯುತ್ತದೆ. ಮಗುವಿಗೆ ಫಿಟ್ಸ್ ಬರುತ್ತದೆ. ಸಾಮಾನ್ಯ ಫಿಟ್ಸ್ ಔಷಧಿಗಳು ಈ ಮೂಲಕ್ಕೆ ಕೈ ಹಾಕುವುದಿಲ್ಲ, ಅದಕ್ಕೇ ಅವು ನಿಮ್ಮ ಮಗುವಿಗೆ ನಾಟಲಿಲ್ಲ.

ನಿಮ್ಮ ಮಗುವಿನಂಥ ಕಥೆಯನ್ನು ಅಮೆರಿಕದ ವೈದ್ಯರು ಮೊದಲು ವರದಿ ಮಾಡಿದ್ದು 1954ರಲ್ಲಿ. ಅದರ ಮೂಲ ಗೊತ್ತಾಗಿದ್ದು ಮಾತ್ರ 2006ರಲ್ಲಿ. ಅರ್ಧ ಶತಮಾನ ಹಿಡಿಯಿತು. ಎಎಲ್‌ಡಿಎಚ್7ಎ1 ಅನ್ನುವ ಜೀನ್‌ನಲ್ಲಿ ದೋಷ ಇದ್ದರೆ, ಊಟದ ಪ್ರೋಟೀನ್‌ನಲ್ಲಿರುವ ಲೈಸಿನ್ ಪೂರ್ತಿ ಒಡೆಯುವುದಿಲ್ಲ. ಅರ್ಧಕ್ಕೆ ನಿಂತ ಒಂದು ವಸ್ತು ಕೋಶದಲ್ಲಿ ತುಂಬಿಕೊಳ್ಳುತ್ತದೆ, ಅದು ಪಿಎಲ್‌ಪಿಗೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅಂದರೆ ಇಲ್ಲಿ ಪಿಎಲ್‌ಪಿ ತಯಾರಾಗುತ್ತದೆ, ಆದರೆ ಉಳಿಯುವುದಿಲ್ಲ. ಇನ್ನೊಂದು ಬಗೆಯಲ್ಲಿ ಪಿಎನ್‌ಪಿಒ ಕಿಣ್ವವೇ ದುರ್ಬಲ, ಅದರ ಜೀನ್ ದೋಷ ಗೊತ್ತಾಗಿದ್ದು 2005ರಲ್ಲಿ. ಅಂಥ ಮಕ್ಕಳಲ್ಲಿ ಪಿಎಲ್‌ಪಿ ತಯಾರಾಗುವುದೇ ಕಡಿಮೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಸಾಮಾನ್ಯ ಬಿ6 ಸಾಲದು, ಪಿಎಲ್‌ಪಿಯನ್ನೇ ಕೊಡಬೇಕಾಗುತ್ತದೆ. ಇವೆರಡರ ವ್ಯತ್ಯಾಸ ಗೊತ್ತಾಗುವುದು ಮೂತ್ರ, ರಕ್ತ ಮತ್ತು ಜೀನ್ ಪರೀಕ್ಷೆಯಿಂದ. ಆ ಪರೀಕ್ಷೆ ಆಗಿದೆಯಾ ಅಂತ ನೀವು ಬರೆದಿಲ್ಲ. ಆಗಿರದಿದ್ದರೆ ಮಾಡಿಸಿ, ಯಾಕೆಂದರೆ ಮೊದಲ ಬಗೆ ಆಗಿದ್ದರೆ ಬಿ6 ಜೊತೆಗೆ ಲೈಸಿನ್ ಕಡಿಮೆ ಇರುವ ಆಹಾರ ಪದ್ಧತಿಯನ್ನೂ ವೈದ್ಯರು ಸೇರಿಸುತ್ತಾರೆ, ಅದನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಫಿಟ್ಸ್ ನಿಂತರೂ ಕೆಲವು ಮಕ್ಕಳಲ್ಲಿ ಮಾತು, ಕಲಿಕೆ ನಿಧಾನ ಆಗುತ್ತದೆ. ಹಾಗಾಗಿ ಬೆಳವಣಿಗೆಯ ತಪಾಸಣೆ ತಪ್ಪಿಸಬೇಡಿ. ಮಾತ್ರೆಯನ್ನು ಒಂದು ದಿನವೂ ನೀವಾಗಿ ನಿಲ್ಲಿಸಬೇಡಿ, ಚೆನ್ನಾಗಿದ್ದಾಳಲ್ಲ ಅಂತ ಯಾರೇ ಹೇಳಿದರೂ. ನೀವಾಗಿ ಜಾಸ್ತಿಯೂ ಮಾಡಬೇಡಿ. ಜ್ವರ ಬಂದಾಗ ಕೆಲವು ದಿನ ಪ್ರಮಾಣ ಹೆಚ್ಚಿಸಬೇಕಾಗುತ್ತದೆ, ಎಷ್ಟು ಅನ್ನೋದನ್ನು ಈಗಲೇ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.

ಇನ್ನು ಮದುವೆಯ ಮಾತು. ನಮ್ಮ ಕಡೆ ಸೋದರಮಾವ, ಅತ್ತೆ ಮಗ, ಮಾವನ ಮಗಳು ಅಂತ ಸಂಬಂಧ ಬೆಳೆಸುವುದು ಎಷ್ಟೋ ತಲೆಮಾರಿನಿಂದ ಬಂದದ್ದು. ಯಾರನ್ನೂ ದೂರುವ ಕೆಲಸ ಇಲ್ಲ. ವಿಷಯ ಇಷ್ಟೇ. ಒಂದು ಮನೆತನದಲ್ಲಿ ಸುಮ್ನೆ ಅಡಗಿರುವ ದೋಷದ ಜೀನ್, ಹತ್ತಿರದ ಸಂಬಂಧದಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಇಬ್ಬರಿಂದಲೂ ಅದು ಮಗುವಿಗೆ ಬಂದರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಗಂಡ ಹೆಂಡತಿ ಇಬ್ಬರಲ್ಲೂ ಆ ಜೀನ್ ಇದ್ದರೆ ಪ್ರತಿ ಬಸುರಿಯಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನವರನ್ನು ಮದುವೆಯಾದವರಿಗೂ ಇದು ಆಗುತ್ತದೆ, ಕಡಿಮೆ ಅಷ್ಟೇ. ಮುಂದಿನ ಮಗುವಿನ ಯೋಚನೆ ಇದ್ದರೆ ಅದಕ್ಕೆ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಇದೆ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ಈ ಪತ್ರ ಓದುತ್ತಿರುವ ಬೇರೆ ತಂದೆ ತಾಯಿಗೂ ಹೇಳುತ್ತೇನೆ. ಎಳೆ ಮಗುವಿನ ಫಿಟ್ಸ್ ಔಷಧಿಗೆ ಬಗ್ಗದೆ ಇದ್ದರೆ, ‘ಬಿ6 ಕೊಟ್ಟು ನೋಡಿದಿರಾ ಡಾಕ್ಟ್ರೇ?’ ಅಂತ ಕೇಳಲು ಹೆದರಬೇಡಿ. ಬಹಳ ಅಗ್ಗದ ಔಷಧಿ ಇದು. ಆದರೆ ಮೊದಲ ಡೋಸ್ ಕೊಟ್ಟಾಗ ಮಗುವಿನ ಉಸಿರು ನಿಧಾನ ಆಗಬಹುದು, ನಿಲ್ಲಲೂಬಹುದು. ಅದಕ್ಕೇ ಇದನ್ನು ಆಸ್ಪತ್ರೆಯಲ್ಲಿ, ಉಸಿರಾಟಕ್ಕೆ ನೆರವು ಕೊಡುವ ವ್ಯವಸ್ಥೆ ಪಕ್ಕದಲ್ಲೇ ಇಟ್ಟುಕೊಂಡು ಕೊಡಬೇಕು. ಮನೆಯಲ್ಲಿ ಮಾತ್ರೆ ಅರೆದು ಕುಡಿಸುವ ಕೆಲಸ ಖಂಡಿತ ಬೇಡ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷ, ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ವಿಟಮಿನ್ ಜಾಸ್ತಿ ತಿಂದರೆ ಕೋಫ್ಯಾಕ್ಟರ್ ಕೂಡ ಜಾಸ್ತಿ ಆಗಬೇಕಲ್ವಾ? ಹಾಗೆ ಆಗುವುದಿಲ್ಲ ಅಂತ ಮೇಡಂ ಹೇಳಿದರು. ಯಾಕೆ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ಮೇಡಂ ಸರಿಯಾಗಿ ಹೇಳಿದ್ದಾರೆ ತಂಗಿ. ಪಿಎಲ್‌ಪಿಯನ್ನೇ ನೋಡು. ರಾಸಾಯನಿಕವಾಗಿ ಅದೊಂದು ಆಲ್ಡಿಹೈಡ್. ಎದುರಿಗೆ ಸಿಕ್ಕ ಪ್ರೋಟೀನ್‌ಗೆಲ್ಲ ಅಂಟಿಕೊಳ್ಳುವ ಗುಣ ಅದಕ್ಕಿದೆ. ಕೋಶದಲ್ಲಿ ಅದು ಬೇಕಾಬಿಟ್ಟಿ ಓಡಾಡಿದರೆ ತೊಂದರೆ. ಅದಕ್ಕೇ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಪಿಎಲ್‌ಪಿಯನ್ನು ಕೋಶ ಸುಮಾರು 1 ಮೈಕ್ರೋಮೋಲಾರ್, ಅಂದರೆ ಬಹಳ ಕಡಿಮೆ ಮಟ್ಟದಲ್ಲಿ ಹಿಡಿದಿಡುತ್ತದೆ. ಮೂರು ಕಡೆಯಿಂದ ಹಿಡಿತ ಇದೆ. ಪಿಎಲ್‌ಪಿ ಜಾಸ್ತಿಯಾದರೆ ಅದೇ ಹೋಗಿ ಪಿಎನ್‌ಪಿಒ ಕಿಣ್ವವನ್ನು ನಿಧಾನ ಮಾಡುತ್ತದೆ. ಮಿಕ್ಕಿದ್ದರ ಫಾಸ್ಫೇಟನ್ನು ಫಾಸ್ಫಟೇಸ್ ಕಿಣ್ವಗಳು ಕಿತ್ತುಹಾಕುತ್ತವೆ. ಮತ್ತೆ ಪಿಎಲ್‌ಪಿಬಿಪಿ ಅನ್ನುವ ಪ್ರೋಟೀನ್ ಒಂದಿದೆ, ಪಿಎಲ್‌ಪಿಯನ್ನು ಸಮತೋಲನದಲ್ಲಿ ಇಡುವುದರಲ್ಲಿ ಅದರ ಪಾತ್ರ ಇದೆ. ಈ ಮೂರನೆಯದು ಕೆಟ್ಟರೂ ಮಕ್ಕಳಿಗೆ ಬಿ6ಗೆ ಬಗ್ಗುವ ಫಿಟ್ಸ್ ಬರುತ್ತದೆ ಅಂತ 2016ರಲ್ಲಿ ಗೊತ್ತಾಯಿತು. ತಯಾರಿಕೆ ಸರಿಯಿದ್ದು, ಹಿಡಿತ ತಪ್ಪಿದರೂ ಕಾಯಿಲೆಯೇ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಿನಗೆ ಇನ್ನೂ ಚೆಂದದ ಉದಾಹರಣೆ ಬೇಕಿದ್ದರೆ ಬಿಎಚ್4 ನೋಡು, ಪೂರ್ತಿ ಹೆಸರು ಟೆಟ್ರಾಹೈಡ್ರೋಬಯೋಪ್ಟೆರಿನ್. ಇದು ವಿಟಮಿನ್ ಅಲ್ಲವೇ ಅಲ್ಲ. ಕೋಶದಲ್ಲೇ ಇರುವ ಜಿಟಿಪಿ ಅನ್ನುವ ವಸ್ತುವಿನಿಂದ ದೇಹವೇ ಇದನ್ನು ತಯಾರಿಸಿಕೊಳ್ಳುತ್ತದೆ. ಮೊದಲ ಮೆಟ್ಟಿಲಿನಲ್ಲಿ ಇರುವ ಕಿಣ್ವ ಜಿಟಿಪಿ ಸೈಕ್ಲೋಹೈಡ್ರೊಲೇಸ್. ಕೆರೆಗೆ ತೂಬು ಇದ್ದ ಹಾಗೆ ಅದು, ಅದನ್ನು ಎಷ್ಟು ತೆರೆದರೆ ಮುಂದಕ್ಕೆ ಅಷ್ಟೇ ಹರಿಯುತ್ತದೆ. ತೂಬು ತೆರೆಯುವ ಮುಚ್ಚುವ ಕೆಲಸಕ್ಕೆ ಜಿಎಫ್‌ಆರ್‌ಪಿ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಈ ಬಗೆಯ ಹಿಡಿತವನ್ನು ಜಪಾನಿನ ವಿಜ್ಞಾನಿಗಳು 1993ರಲ್ಲಿ ತೋರಿಸಿಕೊಟ್ಟರು. ಬಿಎಚ್4 ಸಾಕಷ್ಟು ಇದ್ದಾಗ ಜಿಎಫ್‌ಆರ್‌ಪಿ ಕಿಣ್ವವನ್ನು ತಡೆಯುತ್ತದೆ. ಊಟದ ಪ್ರೋಟೀನ್‌ನಲ್ಲಿರುವ ಫಿನೈಲಲನಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ ಬಂದಾಗ ಅದೇ ಜಿಎಫ್‌ಆರ್‌ಪಿ ಕಿಣ್ವವನ್ನು ಹುರಿದುಂಬಿಸುತ್ತದೆ, ಯಾಕೆಂದರೆ ಫಿನೈಲಲನಿನ್ ಒಡೆಯಲು ಬಿಎಚ್4 ಬೇಕು. ಒಂದೇ ಪ್ರೋಟೀನ್, ಸಂದರ್ಭ ನೋಡಿ ಎರಡು ವಿರುದ್ಧ ಕೆಲಸ! ಇದೇ ಬಿಎಚ್4 ಮೆದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ಅನ್ನುವ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳನ್ನು ತಯಾರಿಸಲೂ ಬೇಕು. ಮುಂದೆ ತುಮಕೂರಿನ ತಂದೆಯ ಪತ್ರ ಇದೆ, ಅದನ್ನು ಈ ವಿಷಯ ನೆನಪಿಟ್ಟುಕೊಂಡು ಓದು.

ಪ್ರಶ್ನೆ: ನನಗೆ 63 ವರ್ಷ, ಸಕ್ಕರೆ ಕಾಯಿಲೆ ಇದೆ. ಪಾದದಲ್ಲಿ ಜೋಮು ಹಿಡಿಯುತ್ತಿತ್ತು. ಮೆಡಿಕಲ್ ಸ್ಟೋರ್‌ನಲ್ಲಿ ನರದ ಮಾತ್ರೆ ಕೊಟ್ಟರು, ಬಿ1, ಬಿ6, ಬಿ12 ಸೇರಿದ್ದು. ಆಮೇಲೆ ಪರಿಚಯದವರು ಹೇಳಿದರು ಅಂತ ಇನ್ನೂ ಒಂದು ಶುರು ಮಾಡಿದೆ. ವರ್ಷಗಳಿಂದ ತಗೊಳ್ತಾ ಇದ್ದೇನೆ. ಈಗ ಕೈಗೂ ಜೋಮು ಬಂದಿದೆ, ಕತ್ತಲಲ್ಲಿ ನಡೆಯಲು ತೂರಾಡಿದಂತೆ ಆಗುತ್ತದೆ. ಮಾತ್ರೆ ಇನ್ನೂ ಸ್ಟ್ರಾಂಗ್ ಆಗಿರುವುದು ಬೇಕಾ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಬೇಡ ಸರ್, ದಯವಿಟ್ಟು ಬೇಡ. ಎರಡೂ ಮಾತ್ರೆಯ ಪಟ್ಟಿಯನ್ನು ಹಿಡಿದುಕೊಂಡು ಈ ವಾರವೇ ಒಬ್ಬ ಫಿಸಿಷಿಯನ್ ಅಥವಾ ನರರೋಗ ತಜ್ಞರನ್ನು ನೋಡಿ. ಪಟ್ಟಿಯ ಹಿಂದೆ ‘ಪಿರಿಡಾಕ್ಸಿನ್’ (ಮಾತ್ರೆಯಲ್ಲಿರುವ ಬಿ6ನ ಹೆಸರು) ಅಂತ ಬರೆದಿರುವ ಮುಂದೆ ಎಷ್ಟು ಮಿಲಿಗ್ರಾಂ ಇದೆ ಅಂತ ಓದಿ, ಎರಡನ್ನೂ ಕೂಡಿಸಿ.

ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ6 ಒಂದೆರಡು ಮಿಲಿಗ್ರಾಂ ಅಷ್ಟೇ. ಊಟದಲ್ಲೇ ಸಿಗುತ್ತದೆ. ನರದ ಮಾತ್ರೆಗಳಲ್ಲಿ ಕೆಲವದರಲ್ಲಿ 3 ಮಿಲಿಗ್ರಾಂ ಇದ್ದರೆ ಕೆಲವದರಲ್ಲಿ 100 ಇರುತ್ತದೆ. ಬಿ6 ನೀರಿನಲ್ಲಿ ಕರಗುವ ವಿಟಮಿನ್, ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ, ಏನೂ ಆಗಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ಸುಳ್ಳು ಅಂತ ಗೊತ್ತಾಗಿ ನಲವತ್ತು ವರ್ಷದ ಮೇಲಾಯಿತು. 1983ರಲ್ಲಿ ಅಮೆರಿಕದ ವೈದ್ಯರು 7 ಜನರ ಬಗ್ಗೆ ಬರೆದರು. ಅವರೆಲ್ಲ ದಿನಕ್ಕೆ 2ರಿಂದ 6 ಗ್ರಾಂ ಬಿ6 ನುಂಗುತ್ತಿದ್ದರು. ಅವರ ಸ್ಪರ್ಶದ ನರಗಳು ಹಾಳಾಗಿ ನಡೆಯಲು ತೂರಾಡುವಂತಾಗಿತ್ತು. ಗ್ರಾಂ ಲೆಕ್ಕದಲ್ಲಿ ಯಾರು ತಿನ್ನುತ್ತಾರೆ ಅನ್ನಬೇಡಿ, ಅದಕ್ಕಿಂತ ಬಹಳ ಕಡಿಮೆ ಪ್ರಮಾಣವನ್ನು ದೀರ್ಘಕಾಲ ತಗೊಂಡವರಲ್ಲೂ ಇದು ಕಂಡಿದೆ. ಅಮೆರಿಕದಲ್ಲಿ ದಿನಕ್ಕೆ 100 ಮಿಲಿಗ್ರಾಂ ಅಂತ ಮಿತಿ ಇದ್ದರೆ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದೊಡ್ಡವರ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು.

ಕೊರತೆಯಾದರೂ ಜೋಮು, ಜಾಸ್ತಿಯಾದರೂ ಜೋಮು, ಇದೇನು ವಿಚಿತ್ರ ಅನ್ನಿಸಬಹುದು. ಒಂದು ವಿವರಣೆ ಹೀಗಿದೆ. ಮಾತ್ರೆಯಲ್ಲಿ ಇರುವುದು ಪಿರಿಡಾಕ್ಸಿನ್, ಅದು ಕೆಲಸಕ್ಕೆ ಬರುವ ಪಿಎಲ್‌ಪಿ ಅಲ್ಲ. ಬದಲಾಯಿಸುವ ಕಿಣ್ವಗಳಿಗೆ ಒಂದು ಮಿತಿ ಇದೆ. ಮಿಕ್ಕ ಪಿರಿಡಾಕ್ಸಿನ್ ಹಾಗೆಯೇ ಉಳಿದು, ಪಿಎಲ್‌ಪಿ ಕೂರಬೇಕಾದ ಜಾಗಕ್ಕೆ ಅಡ್ಡಬರುತ್ತದೆ. ಆಗ ಒಳಗೆ ಕೊರತೆಯ ಲಕ್ಷಣವೇ ಕಾಣಿಸುತ್ತದೆ, ನೀವು ಕೊರತೆ ಅಂದುಕೊಂಡು ಇನ್ನಷ್ಟು ನುಂಗುತ್ತೀರಿ.

ನಿಮಗೆ ಇದೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಸಕ್ಕರೆಯಿಂದಲೂ ಆಗಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷ ತಗೊಂಡವರಲ್ಲಿ ಬಿ12 ಇಳಿಯುತ್ತದೆ, ಅದರಿಂದಲೂ ಆಗಬಹುದು. ಮೂರಕ್ಕೂ ರಕ್ತ ಪರೀಕ್ಷೆ ಇದೆ. ಬಿ6 ಜಾಸ್ತಿಯಾಗಿರುವುದೇ ನಿಜವಾದರೆ, ನಿಲ್ಲಿಸಿದ ಮೇಲೆ ಬಹಳ ಜನರಲ್ಲಿ ನಿಧಾನಕ್ಕೆ ಸುಧಾರಿಸುತ್ತದೆ. ನಿಲ್ಲಿಸಿದ ಮೊದಲ ಕೆಲವು ವಾರ ಜೋಮು ಜಾಸ್ತಿ ಆದಂತೆ ಅನ್ನಿಸಲೂಬಹುದು, ಆಗ ಹೆದರಿ ಮತ್ತೆ ಶುರು ಮಾಡಬೇಡಿ.

ಪ್ರಶ್ನೆ: ತಮ್ಮನಿಗೆ ಟಿ.ಬಿ. ಆಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿ.ಬಿ. ಮಾತ್ರೆ ಜೊತೆ ಒಂದು ಬಿ6 ಮಾತ್ರೆಯನ್ನೂ ಕೊಟ್ಟಿದ್ದಾರೆ. ಬಿ6 ಜಾಸ್ತಿಯಾದರೆ ನರಕ್ಕೆ ತೊಂದರೆ ಅನ್ನುವ ಸುದ್ದಿ ಓದಿ ಅವನು ಬಿ6 ಬಿಟ್ಟುಬಿಟ್ಟಿದ್ದಾನೆ. ತಪ್ಪಾ?
— ಅಕ್ಕ, ರಾಯಚೂರು

ಉತ್ತರ: ತಪ್ಪು. ಇವತ್ತೇ ಮತ್ತೆ ಶುರು ಮಾಡಿಸಿ. ಟಿ.ಬಿ. ಔಷಧಿಗಳಲ್ಲಿ ಐಸೋನಿಯಾಜಿಡ್ ಅಂತ ಒಂದಿದೆ. ಅದು ಬಿ6ಗೆ ಅಂಟಿಕೊಂಡು ಅದನ್ನು ಹೊರಗೆ ಕಳಿಸುತ್ತದೆ, ಸಾಲದ್ದಕ್ಕೆ ಹಾಗೆ ಅಂಟಿಕೊಂಡು ಆದ ವಸ್ತು ಪಿರಿಡಾಕ್ಸಲ್ ಕೈನೇಸ್ ಕಿಣ್ವವನ್ನೂ ತಡೆಯುತ್ತದೆ. ಹೀಗೆ ಪಿಎಲ್‌ಪಿ ಎರಡೂ ಕಡೆಯಿಂದ ಕಡಿಮೆಯಾಗುತ್ತದೆ. ಅಂಗೈ ಅಂಗಾಲು ಉರಿಯುವುದು, ಜುಮ್ಮೆನ್ನುವುದು ಅದರಿಂದಲೇ. ಊಟ ಕಡಿಮೆ ಇರುವವರಿಗೆ, ಕುಡಿಯುವವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ ಅಪಾಯ ಇನ್ನೂ ಜಾಸ್ತಿ. ಅವನಿಗೆ ಕೊಟ್ಟಿರುವುದು ಸಣ್ಣ ಪ್ರಮಾಣ, ಕಾರಣ ಇಟ್ಟುಕೊಂಡು ಕೊಟ್ಟದ್ದು. ಧಾರವಾಡದ ಮೇಷ್ಟ್ರ ಕಥೆಯೇ ಬೇರೆ, ಇದೇ ಬೇರೆ. ಇನ್ನೊಂದು ವಿಷಯ ಗೊತ್ತಿರಲಿ. ಯಾರಾದರೂ ಐಸೋನಿಯಾಜಿಡ್ ಮಾತ್ರೆಗಳನ್ನು ಒಟ್ಟಿಗೆ ಬಹಳ ನುಂಗಿಬಿಟ್ಟು ಫಿಟ್ಸ್ ಬಂದರೆ, ಅದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಮದ್ದು ಬಿ6 ಇಂಜೆಕ್ಷನ್ನೇ. ಆ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಎರಡು ವರ್ಷದಿಂದ ಎಡಗಾಲು ಒಳಕ್ಕೆ ತಿರುಚಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಚೆನ್ನಾಗೇ ಓಡಾಡುತ್ತಾಳೆ. ಶಾಲೆಯಿಂದ ಬರುವಷ್ಟರಲ್ಲಿ ತುದಿಗಾಲಲ್ಲಿ ನಡೆಯುತ್ತಾಳೆ, ಸಂಜೆ ಬೀಳುತ್ತಾಳೆ. ಮಲಗಿ ಎದ್ದರೆ ಮತ್ತೆ ಸರಿ. ಒಬ್ಬರು ಸೆರೆಬ್ರಲ್ ಪಾಲ್ಸಿ ಅಂದರು, ಇನ್ನೊಬ್ಬರು ಹೋಂವರ್ಕ್ ತಪ್ಪಿಸಲು ನಾಟಕ ಅಂದರು. ಎಂಆರ್‌ಐ ನಾರ್ಮಲ್. ಊರಲ್ಲಿ ದೃಷ್ಟಿ ತೆಗೆಸಿದ್ದೂ ಆಯಿತು. ಏನು ಮಾಡಲಿ?
— ತಂದೆ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೊದಲು ಎತ್ತಿಟ್ಟುಕೊಂಡೆ. ನೀವು ಬರೆದ ಒಂದು ಸಾಲು ಬಹಳ ಮುಖ್ಯ: ಬೆಳಿಗ್ಗೆ ಸರಿ, ಸಂಜೆ ಕಷ್ಟ, ಮಲಗಿ ಎದ್ದರೆ ಮತ್ತೆ ಸರಿ. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗೆ ಆದ ಹಾನಿಯಿಂದ ಬರುವ ಚಲನೆಯ ತೊಂದರೆ, ಹೀಗೆ ಗಡಿಯಾರ ನೋಡಿಕೊಂಡು ಬಂದು ಹೋಗುವುದಿಲ್ಲ. ಅಷ್ಟು ಚಿಕ್ಕ ಮಗು ಎರಡು ವರ್ಷ ನಾಟಕ ಮಾಡುವುದೂ ಇಲ್ಲ. ಅವಳ ಮೇಲೆ ಯಾರೂ ರೇಗದಂತೆ ನೋಡಿಕೊಳ್ಳಿ, ಶಾಲೆಯಲ್ಲೂ ಹೇಳಿ.

ಜಪಾನಿನ ಮಕ್ಕಳ ನರತಜ್ಞ ಮಸಾಯಾ ಸೆಗಾವಾ 1970ರ ದಶಕದಲ್ಲಿ ಇಂಥದೇ ಮಕ್ಕಳ ಬಗ್ಗೆ ಬರೆದರು. ಆರು ವರ್ಷದ ಆಸುಪಾಸಿನಲ್ಲಿ ಒಂದು ಪಾದದಿಂದ ಶುರು, ಸಂಜೆ ಹೊತ್ತಿಗೆ ಜಾಸ್ತಿ, ನಿದ್ದೆಯಿಂದ ಕಡಿಮೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಈಗ ಇದನ್ನು ಸೆಗಾವಾ ಕಾಯಿಲೆ ಅಥವಾ ಡೋಪಾಗೆ ಬಗ್ಗುವ ಡಿಸ್ಟೋನಿಯಾ ಅನ್ನುತ್ತಾರೆ. ಡಿಸ್ಟೋನಿಯಾ ಅಂದರೆ ಸ್ನಾಯುಗಳು ತಾವಾಗಿ ಬಿಗಿದು ಕೈಕಾಲು ತಿರುಚಿಕೊಳ್ಳುವುದು. 1994ರಲ್ಲಿ ಜಪಾನಿನವರೇ ಇದರ ಜೀನ್ ಕಂಡುಹಿಡಿದರು. ಅದು ಯಾವುದು ಗೊತ್ತಾ? ಶಿವಮೊಗ್ಗದ ಹುಡುಗಿಗೆ ಹೇಳಿದೆನಲ್ಲ, ಬಿಎಚ್4 ತಯಾರಿಕೆಯ ಮೊದಲ ಮೆಟ್ಟಿಲಿನ ಕಿಣ್ವ, ಜಿಟಿಪಿ ಸೈಕ್ಲೋಹೈಡ್ರೊಲೇಸ್, ಅದರದೇ ಜೀನ್.

ನಮಗೆ ಪ್ರತಿ ಜೀನ್ ಎರಡು ಪ್ರತಿ ಇರುತ್ತದೆ. ಇಲ್ಲಿ ಒಂದು ಪ್ರತಿ ಕೆಟ್ಟರೆ ಸಾಕು. ಈ ಕಿಣ್ವ ಹತ್ತು ತುಂಡುಗಳು ಸೇರಿ ಆಗುವಂಥದ್ದು, ಕೆಟ್ಟ ತುಂಡುಗಳು ಒಳ್ಳೆಯವುಗಳ ಜೊತೆ ಸೇರಿದಾಗ ಒಟ್ಟು ಕೆಲಸವೇ ಕುಗ್ಗಬಹುದು. ಬಿಎಚ್4 ಕಡಿಮೆಯಾದರೆ ಡೋಪಮಿನ್ ತಯಾರಿಸುವ ಮುಖ್ಯ ಕಿಣ್ವ ನಿಧಾನವಾಗುತ್ತದೆ. ಡೋಪಮಿನ್ ಇಲ್ಲದೆ ಚಲನೆ ಹಿಡಿತಕ್ಕೆ ಸಿಗುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಸ್ವಲ್ಪ ಕೂಡಿಕೊಂಡ ಡೋಪಮಿನ್ ಹಗಲು ಓಡಾಡುತ್ತಾ ಖಾಲಿಯಾಗುತ್ತದೆ, ಹೊಸದು ಅಷ್ಟು ಬೇಗ ತಯಾರಾಗುವುದಿಲ್ಲ. ಸಂಜೆ ಕಷ್ಟವಾಗುವುದನ್ನು ಹೀಗೆ ವಿವರಿಸುತ್ತಾರೆ.

ಇದರಲ್ಲಿ ದೊಡ್ಡ ಸಮಾಧಾನದ ಮಾತು ಒಂದಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳೇ ಸಾಯುತ್ತವೆ. ಇಲ್ಲಿ ಆ ಕೋಶಗಳು ಚೆನ್ನಾಗೇ ಇರುತ್ತವೆ, ಕೆಲಸ ಮಾಡಲು ಕಾಯುತ್ತಿರುತ್ತವೆ. ಈ ಕಾಯಿಲೆಯಲ್ಲಿ ಎಂಆರ್‌ಐ ನಾರ್ಮಲ್ಲೇ ಬರುತ್ತದೆ. ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಅನ್ನುವ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರೆ, ಕಿಣ್ವ ನಿಂತಿರುವ ಮೆಟ್ಟಿಲನ್ನು ದಾಟಿಕೊಂಡು ಡೋಪಮಿನ್ ತಯಾರಾಗುತ್ತದೆ. ಹಲವರಿಗೆ ಕೆಲವೇ ದಿನಗಳಲ್ಲಿ, ಇನ್ನು ಕೆಲವರಿಗೆ ಕೆಲವು ವಾರಗಳಲ್ಲಿ ನಡಿಗೆ ಬದಲಾಗುತ್ತದೆ. ವರ್ಷಗಟ್ಟಲೆ ಅದೇ ಸಣ್ಣ ಪ್ರಮಾಣ ಸಾಕಾಗುತ್ತದೆ. ಗಾಲಿಕುರ್ಚಿಯಲ್ಲಿ ಇದ್ದವರು, ದೊಡ್ಡವರಾದ ಮೇಲೆ ರೋಗ ಪತ್ತೆಯಾಗಿ, ಎದ್ದು ನಡೆದ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿ ಇವೆ. ಸೆರೆಬ್ರಲ್ ಪಾಲ್ಸಿ ಅಂತ ಹಣೆಪಟ್ಟಿ ಹಚ್ಚಿ ಮೂಲೆಗೆ ಕೂರಿಸಿದ ಎಷ್ಟು ಮಕ್ಕಳು ನಮ್ಮಲ್ಲೂ ಇರಬಹುದು ಅಂತ ಯೋಚಿಸಿದರೆ ಹೊಟ್ಟೆ ಕಿವುಚಿದಂತಾಗುತ್ತದೆ.

ನಿಮ್ಮ ಮಗಳಿಗೆ ಇದೇ ಅಂತ ಪತ್ರ ಓದಿ ತೀರ್ಮಾನ ಕೊಡಲಾರೆ. ಹೀಗೇ ಕಾಣುವ ಬೇರೆ ಕಾಯಿಲೆಗಳೂ ಇವೆ, ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಅವುಗಳಲ್ಲಿ ಒಂದು, ಅದನ್ನೂ ನೋಡಬೇಕು. ಆದರೆ ಕಾಯಬೇಡಿ. ನಿಮಗೆ ಬೆಂಗಳೂರು ಹತ್ತಿರ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಹೋಗುವ ಮೊದಲು ಒಂದು ಕೆಲಸ ಮಾಡಿ. ಫೋನಿನಲ್ಲಿ ಅವಳು ಬೆಳಿಗ್ಗೆ ನಡೆಯುವುದನ್ನೂ ಅದೇ ದಿನ ಸಂಜೆ ನಡೆಯುವುದನ್ನೂ ವಿಡಿಯೋ ಮಾಡಿಕೊಳ್ಳಿ. ಬೆಳಿಗ್ಗೆ ಒಪಿಡಿಯಲ್ಲಿ ನೋಡುವ ಡಾಕ್ಟರಿಗೆ ಮಗು ಸರಿಯಾಗೇ ಕಾಣುತ್ತದೆ, ಆ ವಿಡಿಯೋ ಇಲ್ಲದಿದ್ದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ‘ಲೆವೊಡೋಪಾ ಕೊಟ್ಟು ನೋಡಬಹುದಾ’ ಅಂತ ಬಾಯಿಬಿಟ್ಟು ಕೇಳಿ. ಮನೆತನದಲ್ಲಿ ಯಾರಿಗಾದರೂ ಕಾಲು ತಿರುಚುವುದು, ಬರೆಯುವಾಗ ಕೈ ಬಿಗಿಯುವುದು, ಕೈ ನಡುಗುವುದು ಇತ್ತಾ ಅಂತ ವಿಚಾರಿಸಿಕೊಂಡು ಹೋಗಿ. ತಂದೆ ಅಥವಾ ತಾಯಿಯಲ್ಲಿ ಜೀನ್ ಇದ್ದೂ ಏನೂ ಕಾಣಿಸದೆ ಇರಬಹುದು.

ಪ್ರಶ್ನೆ: ಮಗಳು ಅಳಿಯ ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದಾರೆ. ಮೊಮ್ಮಗನಿಗೆ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ಫಿನೈಲಲನಿನ್ ಜಾಸ್ತಿ ಇದೆ, ಪಿಕೆಯು ಇರಬಹುದು, ಇನ್ನೂ ಏನೋ ‘ಪ್ಟೆರಿನ್’ ಪರೀಕ್ಷೆ ಮಾಡಬೇಕು ಅಂದರಂತೆ. ಒಂದು ಪರೀಕ್ಷೆ ಆಯಿತಲ್ಲ, ಇನ್ನೊಂದು ಯಾಕೆ?
— ಅಜ್ಜಿ, ಮೈಸೂರು

ಉತ್ತರ: ಅವರು ಸರಿಯಾದ ದಾರಿಯಲ್ಲಿ ಇದ್ದಾರೆ ಅಮ್ಮ, ಮಾಡಿಸಲಿ. ಫಿನೈಲಲನಿನ್ ಒಡೆಯುವ ಕಿಣ್ವ ಕೆಟ್ಟಿದ್ದರೆ ಅದು ಪಿಕೆಯು. ಕಿಣ್ವ ಸರಿಯಿದ್ದು, ಅದಕ್ಕೆ ಬೇಕಾದ ಬಿಎಚ್4 ಇಲ್ಲದಿದ್ದರೂ ರಕ್ತದಲ್ಲಿ ಫಿನೈಲಲನಿನ್ ಏರುತ್ತದೆ. ಫಿನೈಲಲನಿನ್ ಏರಿದ ನೂರು ಮಕ್ಕಳಲ್ಲಿ ಒಬ್ಬಿಬ್ಬರಿಗೆ ಹೀಗಿರುತ್ತದೆ. ಕಡಿಮೆಯೇ, ಆದರೆ ಗುರುತಿಸದೆ ಬಿಟ್ಟರೆ ಕಷ್ಟ. ಪಿಕೆಯು ಇದ್ದರೆ ಪಥ್ಯದ ಆಹಾರದಿಂದ ಮೆದುಳು ಉಳಿಯುತ್ತದೆ. ಬಿಎಚ್4 ಕೊರತೆ ಇದ್ದರೆ ಪಥ್ಯ ಒಂದೇ ಸಾಲದು, ಮೆದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ಕೂಡ ಕಡಿಮೆ ಇರುತ್ತದೆ, ಅದಕ್ಕೆ ಬೇರೆ ಔಷಧಿ ಸೇರಿಸಬೇಕು. ಎರಡನೇ ಪರೀಕ್ಷೆ ಇದನ್ನೇ ಬಿಡಿಸಿ ಹೇಳುತ್ತದೆ. ಪರೀಕ್ಷೆ ಆಗಿ ಫಲಿತಾಂಶ ಬರುವ ತನಕ ಮಗುವಿನ ಹಾಲು, ಆಹಾರದ ವಿಷಯದಲ್ಲಿ ಅಲ್ಲಿನ ವೈದ್ಯರು ಹೇಳಿದಂತೆಯೇ ನಡೆದುಕೊಳ್ಳಲಿ, ಇಲ್ಲಿಂದ ಯಾರೂ ಮನೆಮದ್ದು ಹೇಳಿ ಕಳಿಸಬೇಡಿ. ನಮ್ಮಲ್ಲಿ ಈ ಹಿಮ್ಮಡಿ ರಕ್ತ ಪರೀಕ್ಷೆ ಎಲ್ಲಾ ಕಡೆ ಆಗುವುದಿಲ್ಲ. ಹೆರಿಗೆಗೆ ಹೋಗುವಾಗಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಆಟಿಸಂ ಇರುವ ಮಗನಿಗೆ ಬಿ6 ಮತ್ತು ಮೆಗ್ನೀಸಿಯಂ ಕೊಟ್ಟರೆ ಗುಣವಾಗುತ್ತೆ ಅಂತ ವಿಡಿಯೋ ನೋಡಿದೆ. ಕೊಡಲಾ?
— ತಾಯಿ, ಹುಬ್ಬಳ್ಳಿ

ಉತ್ತರ: ಗುಣವಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ತಾಯಿ. ಜಾಸ್ತಿ ಬಿ6 ನರಕ್ಕೆ ತೊಂದರೆ ಕೊಡುತ್ತದೆ ಅನ್ನುವುದಕ್ಕೆ ಪುರಾವೆ ಇದೆ. ಆ ದುಡ್ಡನ್ನು ಸ್ಪೀಚ್ ಥೆರಪಿಗೆ ಹಾಕಿ. ಮಗನಿಗೆ ಆಟಿಸಂ ಜೊತೆ ಫಿಟ್ಸ್ ಕೂಡ ಇದ್ದರೆ, ಅಥವಾ ಚರ್ಮದ ಮೇಲೆ ದದ್ದು, ಕೂದಲು ಉದುರುವುದು, ಕಿವಿ ಕೇಳಿಸದಿರುವುದು ಇದ್ದರೆ ಬಯೋಟಿನಿಡೇಸ್ ಪರೀಕ್ಷೆ ಮಾಡಿಸಿ. ಬಯೋಟಿನ್ ಅನ್ನುವ ವಿಟಮಿನ್ನನ್ನು ದೇಹದಲ್ಲಿ ಮರುಬಳಕೆ ಮಾಡುವ ಕಿಣ್ವ ಅದು. ಅದು ಇಲ್ಲದ ಮಕ್ಕಳಿಗೆ ದಿನಾ ಬಯೋಟಿನ್ ಮಾತ್ರೆ ಕೊಟ್ಟರೆ ಸಾಕು, ಅದೂ ಅಗ್ಗ. ಆದರೆ ತಡವಾದರೆ ಹೋದ ಕಿವಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಪ್ರಶ್ನೆ: ಸೊಸೆ ಬಾಣಂತಿ. ಪಥ್ಯ ಅಂತ ಬಿಳಿ ಅನ್ನ, ಮೆಣಸಿನ ಸಾರು ಅಷ್ಟೇ ಕೊಡುತ್ತಿದ್ದೇವೆ. ತರಕಾರಿ, ಬೇಳೆ ಮಗುವಿಗೆ ವಾಯು ಅಂತ ಹಿರಿಯರು ಹೇಳುತ್ತಾರೆ. ಮಗಳು ಫೋನ್ ಮಾಡಿ ಬೈದಳು. ಇಬ್ಬರಲ್ಲಿ ಯಾರು ಸರಿ?
— ಅತ್ತೆ, ಬಾಗಲಕೋಟೆ

ಉತ್ತರ: ನಿಮ್ಮ ಮಗಳು ಸರಿ. ಬಾಣಂತಿಗೆ ಬೆಚ್ಚಗೆ, ಹದವಾಗಿ ಕೊಡಬೇಕು ಅನ್ನುವ ನಿಮ್ಮ ಕಾಳಜಿ ಒಳ್ಳೆಯದೇ. ಆದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬಿ1, ಅಂದರೆ ಥಯಮಿನ್ ಬಹಳ ಕಡಿಮೆ. ತೊಳೆದು ಗಂಜಿ ಬಸಿದರೆ ಇದ್ದದ್ದೂ ಹೋಗುತ್ತದೆ. ತಾಯಿಗೆ ಬಿ1 ಇಲ್ಲದಿದ್ದರೆ ಹಾಲಿನಲ್ಲೂ ಇಲ್ಲ. ಮಗು ಅದನ್ನು ಟಿಪಿಪಿ ಅನ್ನುವ ಕೋಫ್ಯಾಕ್ಟರ್ ಆಗಿ ಬದಲಾಯಿಸಿಕೊಳ್ಳಬೇಕು, ಸಕ್ಕರೆಯಿಂದ ಶಕ್ತಿ ತೆಗೆಯಲು ಮೆದುಳಿಗೂ ಹೃದಯಕ್ಕೂ ಅದು ಬೇಕು. ಬರೀ ಎದೆಹಾಲು ಕುಡಿಯುವ, ಕೆಲವೇ ತಿಂಗಳ ಮಕ್ಕಳು ಇದರಿಂದ ಇದ್ದಕ್ಕಿದ್ದಂತೆ ಏದುಸಿರು ಬಿಟ್ಟು ಗಂಭೀರವಾಗುವುದನ್ನು, ಥಯಮಿನ್ ಇಂಜೆಕ್ಷನ್ ಕೊಟ್ಟ ಮೇಲೆ ಚೇತರಿಸಿಕೊಳ್ಳುವುದನ್ನು ಕರ್ನಾಟಕದ ವೈದ್ಯರೇ ವರದಿ ಮಾಡಿದ್ದಾರೆ. ತಾಯಂದಿರ ಪಥ್ಯದ ಊಟ ಅಲ್ಲೆಲ್ಲ ಕಂಡ ಕಾರಣಗಳಲ್ಲಿ ಒಂದು.

ಇವತ್ತಿನಿಂದಲೇ ಹೆಸರುಬೇಳೆ, ತೊಗರಿಬೇಳೆ, ಕಾಳು, ಜೋಳದ ರೊಟ್ಟಿ, ಸೊಪ್ಪು ಶುರು ಮಾಡಿ, ಕಡಲೆಕಾಯಿ ಚಟ್ನಿಪುಡಿಯೂ ಇರಲಿ. ಮಗು ಹಾಲು ಬಿಟ್ಟರೆ, ಪದೇ ಪದೇ ವಾಂತಿ ಮಾಡಿದರೆ, ಅಳುವಿನ ದನಿ ಒಡೆದಂತೆ ಕೇಳಿಸಿದರೆ ಅಥವಾ ಉಸಿರು ಜೋರಾದರೆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋದ ತಕ್ಷಣ ಬಾಣಂತಿ ಏನು ಉಣ್ಣುತ್ತಿದ್ದಳು ಅನ್ನೋದನ್ನು ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ ಹೇಳಿ.